ಇಂಟರ್‌ವ್ಯೂ ಮಾಡೋರಿಗೆ ಏನಂತ ಬರೀಬೇಕು ಮಾಮಾ?

ಹೋದ ತಿಂಗಳು ಒಂದು ರಾತ್ರಿ, ಊಟ ಮುಗಿಸಿ ಇನ್ನೇನು ಮಲಗಬೇಕು ಅನ್ನುವಾಗ ಊರಿಂದ ತಂಗಿಯ ಮಗ ಫೋನ್ ಮಾಡಿದ. ನಮ್ಮೂರು ಪಾಮನಕಲ್ಲೂರು. ಮೊದಲು ಲಿಂಗಸುಗೂರು ತಾಲೂಕಿನಲ್ಲಿತ್ತು, ಈಗ ಮಸ್ಕಿ ತಾಲೂಕು. ಹುಡುಗ ಡಿಗ್ರಿ ಮುಗಿಸಿ ಅಲ್ಲಿ ಇಲ್ಲಿ ಅರ್ಜಿ ಹಾಕುತ್ತಿದ್ದ. ಅವತ್ತು ಬೆಂಗಳೂರಿನ ಒಂದು ಕಂಪನಿಯಿಂದ ಮಿಂಚೆ ಬಂದಿತ್ತಂತೆ. ಸಂದರ್ಶನ ಮಾಡುವ ಹೆಣ್ಣುಮಗಳೇ ಬರೆದಿದ್ದಾರೆ. ಶುರುವಿನಲ್ಲಿ 'ಹಾಯ್' ಅಂತ ಇವನ ಹೆಸರು, ಕೊನೆಯಲ್ಲಿ ಅವರ ಬರೀ ಹೆಸರು. ಹುದ್ದೆ ಇಲ್ಲ, ಅಡ್ಡಹೆಸರು ಇಲ್ಲ. ಯಾವ ದಿನ ಅನುಕೂಲ ಅಂತ ತಿಳಿಸಬೇಕು, ಅಷ್ಟೇ.

"ಮಾಮಾ, ಏನಂತ ಶುರು ಮಾಡ್ಲಿ? ನಾಕು ಸಲ ಬರದು ಅಳಿಸೀನಿ" ಅಂದ.

ಬರೆದದ್ದನ್ನು ಓದಿಸಿದೆ. 'ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಅಂಡ್ ಹಂಬಲ್ ಸಬ್‌ಮಿಷನ್ ಐ ಬೆಗ್ ಟು ಸ್ಟೇಟ್...'

"ಲೇ, ಅವರು ಹೆಣ್ಣುಮಗಳು ಅಂತೀ, ಸರ್ ಅಂತ ಬರದಿಯಲ್ಲೋ" ಅಂದೆ. "ಹಂಗ ಕಲಿಸ್ಯಾರ ಮಾಮಾ. ಅರ್ಜಿ ಅಂದ್ರ ಸರ್ ಅಂತಾನ ಬರೀಬೇಕು ಅಂತ" ಅಂದ. ನಗು ಬಂತು. ಆದರೆ ಫೋನ್ ಇಟ್ಟ ಮೇಲೆ 'ಐ ಬೆಗ್' ಅನ್ನೋದು ತಲೆಯಲ್ಲೇ ಉಳಿಯಿತು. ಬೇಡಿಕೊಳ್ಳುತ್ತೇನೆ ಅಂತ. ಏನು ಬೇಡಿಕೊಳ್ಳುತ್ತಿದ್ದಾನೆ ಇವನು? ಮಂಗಳವಾರ ಬರಬಹುದೇ ಅಂತ ಹೇಳುವುದಕ್ಕೆ ಬೇಡಿಕೊಳ್ಳಬೇಕೆ? ಇದು ಇವನದಲ್ಲ, ಬಹಳ ಹಿಂದಿನಿಂದ ಬಂದ ಮಾತು. ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ದೂರ ಹೋಗುವುದೇ ಬೇಕಾಗಲಿಲ್ಲ ನೋಡಿ, ನಮ್ಮ ತಾಲೂಕಿನ ಊರಿನಲ್ಲೇ ಅದರ ಒಂದು ತುದಿ ಇದೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿ ಗುಡ್ಡದ ಬಂಡೆಯೊಂದರ ಮೇಲೆ ಅಶೋಕನ ಶಾಸನ ಇದೆ ಅನ್ನುವುದು ನಿಮಗೆಲ್ಲ ಗೊತ್ತು. 1915ರಲ್ಲಿ ಇದನ್ನು ಕಂಡವನು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ನಿಜಾಮ ಸರ್ಕಾರದ ಪರವಾಗಿ ಬಂಗಾರ ಹುಡುಕುತ್ತಾ ಬಂದಿದ್ದ. ಬಂಗಾರದ ಬದಲು ಒಂದು ಹೆಸರು ಸಿಕ್ಕಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ ಈ ಅರಸ ಬರೀ 'ದೇವಾನಂಪಿಯ', 'ಪಿಯದಸಿ' ಆಗಿದ್ದ. ಅಂದರೆ ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಎರಡೂ ಬಿರುದುಗಳೇ. ಇವನೇ ಅಶೋಕ ಅಂತ 1837ರಿಂದ ಹೇಳುತ್ತಿದ್ದದ್ದು ಸಿಂಹಳದ ಗ್ರಂಥಗಳ ಆಧಾರದಿಂದ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಪಕ್ಕದಲ್ಲಿ 'ಅಸೋಕ' ಅಂತ ಹೆಸರೇ ಕಂಡಿತು. ಆಮೇಲೆ ಮಧ್ಯಪ್ರದೇಶದ ಗುಜ್ಜರಾ, ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು ಅನ್ನಿ. ಆದರೆ ಮೊದಲು ಸಿಕ್ಕಿದ್ದು ನಮ್ಮಲ್ಲಿ.

ಚಿಕ್ಕವನಿದ್ದಾಗ ಇಷ್ಟೇ ಓದಿ ಹೆಮ್ಮೆಪಡುತ್ತಿದ್ದೆ. ಶಾಸನದಲ್ಲಿ ಮುಂದೆ ಏನಿದೆ ಅಂತ ಓದಿದ್ದು ತೀರಾ ತಡವಾಗಿ. ಇದನ್ನು ದೊಡ್ಡವರಷ್ಟೇ ಪಡೆಯಬಲ್ಲರು ಅಂತ ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವನಿಗೂ ಸಿಗುತ್ತದೆ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಅನ್ನುವ ಅರ್ಥದ ಮಾತು ಅಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನದು!

ಪತ್ರದ ವಿಷಯಕ್ಕೆ ಬರೋಣ. ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಅದರ ಶುರುವಿನ ಸಾಲುಗಳು ಅಪ್ಪಟ ಪತ್ರ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಮಾತಿನ ಮೇರೆಗೆ ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೇಳಬೇಕು, ಆಮೇಲೆ ಅಪ್ಪಣೆ ತಿಳಿಸಬೇಕು ಅಂತ ಇದೆ. ಸುವರ್ಣಗಿರಿ ಅಂದರೆ ನಮ್ಮ ಪಕ್ಕದ ಕನಕಗಿರಿ ಅಂತ ಕೆಲವರು, ಆಂಧ್ರದ ಜೊನ್ನಗಿರಿ ಅಂತ ಇನ್ನು ಕೆಲವರು. ಅದು ಏನೇ ಇರಲಿ, ಗಮನಿಸಿ, ಇಲ್ಲಿ ಮೇಲಿನವರು ಕೆಳಗಿನವರ ಕ್ಷೇಮ ಕೇಳುತ್ತಿದ್ದಾರೆ. ಕೆಲಸ ಹೇಳುವ ಮೊದಲು 'ಆರಾಮ ಇದ್ದೀರಾ' ಅನ್ನುವುದು ದೊಡ್ಡವರ ಪಾಲಿನ ಜವಾಬ್ದಾರಿಯಾಗಿತ್ತು!

ಪತ್ರ ಹೇಗೆ ಬರೆಯಬೇಕು ಅಂತ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಒಂದು ಅಧ್ಯಾಯವೇ ಇದೆ. ಈ ಗ್ರಂಥದ ಓಲೆಪ್ರತಿ ಸಿಕ್ಕಿದ್ದು ಮೈಸೂರಿನಲ್ಲಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅಲ್ಲಿನ ನಿಯಮ ಸರಳ. ಪತ್ರ ಅರಸನಿಗಾದರೆ ಅವನ ದೇಶ, ಐಶ್ವರ್ಯ, ವಂಶ, ಹೆಸರುಗಳನ್ನು ಗೌರವದಿಂದ ಹೇಳು. ಅರಸನಲ್ಲದವನಿಗಾದರೆ ದೇಶ ಮತ್ತು ಹೆಸರನ್ನು ಗೌರವದಿಂದ ಹೇಳು. ಎರಡು ಕಡೆಯೂ ಗೌರವ ಇದೆ, ಎರಡು ಕಡೆಯೂ ಹೆಸರು ಇದೆ. ಒಳ್ಳೆಯ ಬರಹಕ್ಕೆ ಆರು ಗುಣಗಳನ್ನೂ ಹೇಳಿದ್ದಾನೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತೆ. ಈ ಆರರಲ್ಲಿ 'ದೈನ್ಯ' ಇಲ್ಲ ನೋಡಿ.

ಹಾಗಾದರೆ ದೈನ್ಯ ಯಾವಾಗ ಸೇರಿತು? ಇಂಥ ವರ್ಷ ಅಂತ ಬೆರಳಿಟ್ಟು ತೋರಿಸಲಾಗದು. ಆದರೆ ನಮ್ಮ ಕಡೆಯ ಗುಡಿಗಳ ಮುಂದಿರುವ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದರೆ ಏಣಿ ಕಾಣುತ್ತದೆ. ಚಕ್ರವರ್ತಿಗೆ ಸಾಲುಗಟ್ಟಲೆ ಬಿರುದು, ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ... ಅವನ ಕೆಳಗಿನ ಸಾಮಂತ 'ತತ್ಪಾದಪದ್ಮೋಪಜೀವಿ', ಅಂದರೆ ಆ ಪಾದಕಮಲವನ್ನು ನೆಚ್ಚಿ ಬದುಕುವವನು. ಆಮೇಲೆ ಆ ಸಾಮಂತನಿಗೂ ಸಾಲು ಬಿರುದು, ಅವನ ಕೆಳಗಿನವನು ಮತ್ತೆ ಅವನ ಪಾದಕಮಲದ ಉಪಜೀವಿ. ಒಬ್ಬನ ತಲೆ ಇನ್ನೊಬ್ಬನ ಕಾಲ ಬುಡದಲ್ಲಿ. ಕೆಳಗಿನಿಂದ ಮೇಲೆ ಹೋಗುವ ಮಾತಿಗೆ 'ಬಿನ್ನಪ', ಮೇಲಿನಿಂದ ಕೆಳಗೆ ಬರುವುದಕ್ಕೆ 'ಬೆಸ', 'ನಿರೂಪ'. ಒಂದೇ ವಿಷಯ ಆದರೂ ಹತ್ತುವಾಗ ಒಂದು ಹೆಸರು, ಇಳಿಯುವಾಗ ಇನ್ನೊಂದು.

ಬಸವಣ್ಣನವರು ಇದನ್ನು ಹಿಡಿದರು ಅಂತ ನನಗನಿಸುತ್ತದೆ. ಜನರನ್ನು ಕರೆಯುವ ಮಾತಿನಲ್ಲೇ ಸ್ವರ್ಗ ನರಕ ಎರಡನ್ನೂ ಕಂಡವರು ಅವರು. ಎದುರಿಗಿದ್ದವರು ಯಾರೇ ಆಗಲಿ, 'ಅಯ್ಯಾ' ಅನ್ನುವುದೇ ಶರಣರ ರೂಢಿಯಾಯಿತು. ಇನ್ನು ನಮ್ಮ ಮಾನ್ವಿ ಕಡೆಯ ದಾಸರು, ಚೀಕಲಪರವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು, ಸಾಕ್ಷಾತ್ ದೇವರಿಗೇ 'ನೀನು' ಅಂದವರು. ಅರಸನಿಗೆ ಬಹುವಚನ, ದೇವರಿಗೆ ಏಕವಚನ! ನಮ್ಮ ಮನೆಗಳಲ್ಲೂ ಹಾಗೇ ಅಲ್ಲವೇ? ಅವ್ವನಿಗೆ 'ನೀ', ಗೌಡರಿಗೆ 'ನೀವ್ರಿ'.

ಸಂಬೋಧನೆಯ ಜಗಳ ಯುದ್ಧದ ಮಟ್ಟಕ್ಕೂ ಹೋಗಿತ್ತು. 1520ರಲ್ಲಿ ರಾಯಚೂರಿನ ಕದನದಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ. ಆಮೇಲೆ ಸೋತವರ ರಾಯಭಾರಿ ಬಂದು ಗೆದ್ದುಕೊಂಡದ್ದನ್ನು ವಾಪಸು ಕೊಡಿ ಅಂದಾಗ, 'ನಿಮ್ಮ ಸುಲ್ತಾನ ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಕೊಡುತ್ತೇನೆ' ಅಂದನಂತೆ. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಅದಕ್ಕಾಗಿ ರಾಯ ಗಡಿಯ ಮುದಗಲ್ಲಿನ ತನಕ ಹೋದ, ಸುಲ್ತಾನ ಮುಖ ತೋರಿಸಲಿಲ್ಲ, ರಾಯನ ದಂಡು ವಿಜಾಪುರದವರೆಗೂ ನಡೆಯಿತು ಅಂತ ಅವನ ಬರಹ. ಮುದಗಲ್ಲು ಅಂದರೆ ನಮ್ಮ ಲಿಂಗಸುಗೂರು ತಾಲೂಕಿನದೇ. ನೆಲ ಬಿಟ್ಟರೂ ಬಿಟ್ಟಾನು, ಬಾಗುವ ಮಾತು ಮಾತ್ರ ಬೇಡ ಅಂತ ಒಬ್ಬ, ಬಾಗಿಸದೆ ಬಿಡೆ ಅಂತ ಇನ್ನೊಬ್ಬ.

ನಮ್ಮ ಅಜ್ಜಂದಿರ ಕಾಲಕ್ಕೆ ರಾಯಚೂರು ನಿಜಾಮರದು. 1905ರವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು. ಕಚೇರಿಯ ಭಾಷೆ ಮೊದಲು ಫಾರ್ಸಿ, 1880ರ ದಶಕದಿಂದ ಉರ್ದು. ಇವತ್ತು ನಾವು ಕನ್ನಡದ್ದೇ ಅಂದುಕೊಂಡಿರುವ ಅರ್ಜಿ, ತಕರಾರು, ಕಚೇರಿ, ದಫ್ತರ, ರುಜು, ಎಲ್ಲ ಆ ದಾರಿಯಿಂದ ಬಂದವು. ಅರ್ಜಿಯ ತಲೆಯಲ್ಲಿ 'ಜನಾಬ್-ಎ-ಆಲಿ'. ಬರೆಯುವವನು ತನ್ನನ್ನು 'ನಾನು' ಅನ್ನುವಂತಿಲ್ಲ, 'ಫಿದ್ವಿ' ಅನ್ನಬೇಕು. ಅಂದರೆ ನಿಮಗಾಗಿ ಪ್ರಾಣ ಕೊಡುವವನು. ಬಾವಿಗೆ ಹಗ್ಗ ಕೇಳುವ ಅರ್ಜಿಯಾದರೂ ಮೊದಲು ಪ್ರಾಣ ಕೊಡಬೇಕು! :-)

ಹಾಗಂತ ನಿಜಾಮರು ಮಾತ್ರ ಸುಖವಾಗಿದ್ದರು ಅಂದುಕೊಳ್ಳಬೇಡಿ. ಮೀರ್ ಉಸ್ಮಾನ್ ಅಲಿ ಖಾನರಿಗೆ 1918ರಲ್ಲಿ ಬ್ರಿಟಿಷರು 'ಹಿಸ್ ಎಕ್ಸಾಲ್ಟೆಡ್ ಹೈನೆಸ್' ಅನ್ನುವ ಸಂಬೋಧನೆ ಕೊಟ್ಟರು. ಇಂಡಿಯಾದ ಬೇರೆ ಯಾವ ಸಂಸ್ಥಾನಿಕರಿಗೂ ಇಲ್ಲದ್ದು. ಅವರು 1925ರಲ್ಲಿ ಬೇರಾರ್ ಪ್ರಾಂತ್ಯ ವಾಪಸು ಬೇಕು ಅಂತ ಬರೆಯುತ್ತಾ, ಒಳಾಡಳಿತದಲ್ಲಿ ತಾವು ಬ್ರಿಟಿಷ್ ಸರ್ಕಾರಕ್ಕೆ ಸಮಾನರು ಅನ್ನುವ ಧಾಟಿ ಹಿಡಿದರು. 1926ರ ಮಾರ್ಚಿಯಲ್ಲಿ ವೈಸ್‌ರಾಯ್ ಲಾರ್ಡ್ ರೀಡಿಂಗ್ ಉತ್ತರ ಬರೆದರು. ಬ್ರಿಟಿಷ್ ಪ್ರಭುತ್ವವೇ ಇಂಡಿಯಾದಲ್ಲಿ ಸರ್ವೋಚ್ಚ, ಯಾವ ಸಂಸ್ಥಾನದ ದೊರೆಯೂ ಸಮಾನನಾಗಿ ನಿಂತು ಮಾತಾಡುವಂತಿಲ್ಲ ಅಂತ. ಎತ್ತರದ ಸಂಬೋಧನೆ ಕೊಟ್ಟಿದ್ದರು, ಸಮನಾದ ಕುರ್ಚಿ ಕೊಟ್ಟಿರಲಿಲ್ಲ.

ಇಂಗ್ಲಿಷ್ ಪತ್ರಗಳ ಕೊನೆಗೆ 'ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್' ಅಂತ ಬರೆಯುವ ಪದ್ಧತಿ ಇತ್ತಲ್ಲ, ಅದರಲ್ಲೂ ಒಂದು ತಮಾಷೆ ಇದೆ. ಅವರಲ್ಲಿ ದೊಡ್ಡ ಅಧಿಕಾರಿ ಕೂಡ ಚಿಕ್ಕವನಿಗೆ ಬರೆಯುವಾಗ ಹಾಗೇ ಸಹಿ ಮಾಡುತ್ತಿದ್ದ. ಎರಡೂ ಕಡೆ ಇದ್ದದ್ದರಿಂದ ಅದು ಬರೀ ಶಿಷ್ಟಾಚಾರ. ನಮ್ಮಲ್ಲಿಗೆ ಬಂದಾಗ ಅದು ಒಂದೇ ಕಡೆಯ ಮಾತಾಯಿತು. 'ತಮ್ಮ ವಿಧೇಯ' ಅಂತ ಸಾಹೇಬ್ರು ನಮಗೆ ಯಾವಾಗ ಬರೆದಿದ್ದಾರೆ ಹೇಳಿ?

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ರಾಜ್ಯದ ಆಡಳಿತ ಭಾಷೆಯ ಕಾಯ್ದೆ ಬಂತು. ಕ್ರಮೇಣ 'ಜನಾಬ್' ಹೋಗಿ 'ಮಾನ್ಯರೇ' ಬಂತು. ಒಳ್ಳೆಯ ಮಾತು ಅದು. ಗಂಡಸೋ ಹೆಂಗಸೋ ಅನ್ನುವ ತೊಂದರೆಯೂ ಇಲ್ಲ. ಆದರೆ ಅದರ ಕೆಳಗಿನ ಒಕ್ಕಣೆ ಬದಲಾಯಿತೇ?

ಇಲ್ಲಿ ನನ್ನದೇ ಒಂದು ನೆನಪು ಹೇಳಬೇಕು. ಹೈಸ್ಕೂಲಿನಲ್ಲಿದ್ದಾಗ ನನ್ನ ಅಕ್ಷರ ದುಂಡಗಿತ್ತು. ಊರಲ್ಲಿ ಓದು ಬರಹ ಬಾರದವರು ಅರ್ಜಿ ಬರೆಸಿಕೊಳ್ಳಲು ನಮ್ಮ ಮನೆ ಕಟ್ಟೆಗೆ ಬರುತ್ತಿದ್ದರು. ಒಂದು ದಿನ ಒಬ್ಬ ಮುದುಕ ಬಂದ. ಕೂಲಿ ಮಾಡುವವನು. ಕಟ್ಟೆ ಮೇಲೆ ಕೂಡು ಅಂದರೂ ಕೂಡಲಿಲ್ಲ, ನೆಲದ ಮೇಲೇ ಕೂತ. ವೃದ್ಧಾಪ್ಯ ವೇತನದ ಅರ್ಜಿ. "ದಣೇರ, ನಿಮ್ಮ ಕಾಲ ಮ್ಯಾಲ ಬಿದ್ದು ಕೇಳ್ಕೊಂತೀನಿ ಅಂತ ಬರಿ ಯಪ್ಪಾ" ಅಂದ. ನಾನು ಹಾಗೇ ಬರೆದೆ. ಇನ್ನಷ್ಟು ಸೇರಿಸಿ 'ತಮ್ಮ ಪಾದಸೇವಕ' ಅಂತಲೂ ಬರೆದೆ, ಚೆನ್ನಾಗಿ ಕಾಣುತ್ತದೆ ಅಂತ.

ಕೆಳಗೆ ಹೆಸರು ಬರೆಯಬೇಕಲ್ಲ, ಕೇಳಿದೆ. ಊರೆಲ್ಲ ಅವನನ್ನು ಕರೆಯುತ್ತಿದ್ದ ಹೆಸರನ್ನೇ ಹೇಳಿದ. ಆ ಹೆಸರಿನ ತುದಿಯಲ್ಲಿ 'ಯಾ' ಇತ್ತು. ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಒಂದೇ ದೇವರ ಹೆಸರಿಟ್ಟುಕೊಂಡವರಲ್ಲಿ ಒಬ್ಬರ ಹೆಸರು 'ಗೌಡ್ರು' ಅಂತ ಮುಗಿಯುತ್ತದೆ, ಒಬ್ಬರದು 'ಅಪ್ಪ' ಅಂತ, ಇನ್ನೊಬ್ಬರದು 'ಯಾ' ಅಂತ. ಕೇರಿ ಯಾವುದು ಅಂತ ಹೆಸರಿನ ಬಾಲವೇ ಹೇಳುತ್ತದೆ. ನಾನು ಏನೂ ಯೋಚಿಸದೆ, ಅರ್ಜಿಯಲ್ಲಿ ಪೂರ್ತಿ ಹೆಸರಿರಬೇಕು ಅಂತ ಮೇಷ್ಟ್ರು ಹೇಳಿದ್ದು ನೆನಪಾಗಿ, 'ಅಪ್ಪ' ಸೇರಿಸಿ ಬರೆದು ಓದಿ ಹೇಳಿದೆ. ಮುದುಕ ಹೆಬ್ಬೆಟ್ಟು ಒತ್ತಲು ಮುಂದೆ ಬಂದವನು ನಿಂತ. "ಅದು ಯಾರ ಹೆಸರು ಯಪ್ಪಾ?" ಅಂದ. "ನಿಂದs" ಅಂದೆ. ಇನ್ನೊಂದು ಸಲ ಓದು ಅಂದ. ಓದಿದೆ. ಏನೂ ಮಾತಾಡಲಿಲ್ಲ. ಹೆಬ್ಬೆಟ್ಟು ಒತ್ತಿ, ಕಾಗದವನ್ನು ಟವಲಿನಲ್ಲಿ ಮಡಚಿಕೊಂಡು ಹೋದ.

ಆ ಮುದುಕನಿಗಿಂತ ವಯಸ್ಸಿನಲ್ಲಿ ಐವತ್ತು ವರ್ಷ ಚಿಕ್ಕವನಾದ ನಾನು ಅವನಿಗೆ 'ನೀ' ಅನ್ನುತ್ತಿದ್ದೆ, ಅವನು ನನಗೆ 'ಯಪ್ಪಾ' ಅನ್ನುತ್ತಿದ್ದ. ಅದೂ ಆವಾಗ ಹೊಳೆದಿರಲಿಲ್ಲ. ಇವತ್ತಿಗೂ ಆ ಅರ್ಜಿ ನೆನಪಾದರೆ ನಾಚಿಕೆಯಾಗುತ್ತದೆ. ಮೇಲೆ 'ಕಾಲ ಮೇಲೆ ಬಿದ್ದು', ಕೆಳಗೆ ಅವನ ಜೀವಮಾನದಲ್ಲೇ ಮೊದಲ ಸಲ ಪೂರ್ತಿ ಹೆಸರು. ಎರಡನ್ನೂ ಬರೆದದ್ದು ನಾನೇ.

ಮನೆಯ ಪತ್ರಗಳದು ಬೇರೆ ಲೋಕ, ಅದನ್ನು ಇದರ ಜೊತೆ ಕಲಸಬಾರದು. 'ತೀರ್ಥರೂಪ ತಂದೆಯವರ ಪಾದಾರವಿಂದಗಳಿಗೆ' ಅಂತ ನಾವೆಲ್ಲ ಬರೆದವರೇ. 'ಮಾತೋಶ್ರೀ', 'ಚಿರಂಜೀವಿ', 'ಗಂಗಾಭಾಗೀರಥಿ ಸಮಾನರಾದ', 'ರಾಜಮಾನ್ಯ ರಾಜಶ್ರೀ', 'ಉಭಯ ಕುಶಲೋಪರಿ ಸಾಂಪ್ರತ'... ಅಲ್ಲಿ ಪಾದ ಬಂದರೂ ಅದು ಅಪ್ಪನ ಪಾದ. ಮತ್ತೆ ಅಲ್ಲಿ ಉತ್ತರ ಬರುತ್ತಿತ್ತು, 'ಚಿರಂಜೀವಿಗೆ ಅನೇಕ ಆಶೀರ್ವಾದಗಳು' ಅಂತ. ಕೊಟ್ಟದ್ದಕ್ಕೆ ವಾಪಸು ಇತ್ತು. ಅರ್ಜಿಯ ದೈನ್ಯಕ್ಕೆ ವಾಪಸು ಇರಲಿಲ್ಲ.

ಈಚೆಗೆ ದೊಡ್ಡ ಜಾಗಗಳಲ್ಲೇ ಇದು ಸಡಿಲವಾಗುತ್ತಿದೆ. 2006ರಲ್ಲಿ ಭಾರತೀಯ ವಕೀಲರ ಪರಿಷತ್ತು 'ಮೈ ಲಾರ್ಡ್' ಅನ್ನುವುದು ವಸಾಹತು ಕಾಲದ ಪಳೆಯುಳಿಕೆ ಅಂತ ಹೇಳಿ, ಬದಲಿಗೆ 'ಯುವರ್ ಆನರ್', ಕೆಳ ನ್ಯಾಯಾಲಯಗಳಲ್ಲಿ 'ಸರ್' ಸಾಕು ಅಂತ ನಿಯಮ ಮಾಡಿತು. 2012ರಲ್ಲಿ ಪ್ರಣಬ್ ಮುಖರ್ಜಿಯವರು ರಾಷ್ಟ್ರಪತಿಯಾದ ಮೇಲೆ ದೇಶದೊಳಗಿನ ಸಮಾರಂಭಗಳಲ್ಲಿ 'ಹಿಸ್ ಎಕ್ಸಲೆನ್ಸಿ' ಬಿಡಿಸಿದರು. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅವರು ತಮ್ಮನ್ನು 'ಸರ್' ಅಂದರೆ ಸಾಕು ಅಂತ ವಕೀಲರಿಗೆ ಹೇಳಿದರು. ಇಷ್ಟಾದರೂ ನಮ್ಮೂರ ಹುಡುಗ 'ಐ ಬೆಗ್' ಅಂತಲೇ ಶುರು ಮಾಡುತ್ತಾನೆ. ಮೇಲಿನವರು ಬಿಟ್ಟರೂ ಕೆಳಗಿನವರಿಗೆ ಬಿಡಲು ಭಯ. ತಪ್ಪಾದರೆ ಕಳೆದುಕೊಳ್ಳುವವನು ಅವನೇ ಅಲ್ಲವೇ?

ಮರುದಿನ ನಾನೇ ಫೋನ್ ಮಾಡಿ ಅವನಿಗೆ ಹೇಳಿದ್ದು ಇಷ್ಟು.

ಪತ್ರದ ಗೌರವದಲ್ಲಿ ಎರಡು ಭಾಗ ಇದೆ. ಒಂದು, ಎದುರಿನವರನ್ನು ಮೇಲೆತ್ತುವುದು. ಇನ್ನೊಂದು, ನನ್ನನ್ನು ನಾನೇ ಕೆಳಗಿಳಿಸಿಕೊಳ್ಳುವುದು. ನಮ್ಮ ಹಿರಿಯರಿಗೆ ಎರಡನ್ನೂ ಒಟ್ಟಿಗೆ ಕಟ್ಟಿ ಕಲಿಸಿದರು. ನೀನು ಮೊದಲನೆಯದನ್ನು ಇಟ್ಟುಕೊ, ಎರಡನೆಯದನ್ನು ಬಿಡು.

ಅವರ ಹೆಸರನ್ನು ಸರಿಯಾಗಿ ಬರೆ. ಅವರು ಬರೆದ ಕಾಗುಣಿತವನ್ನೇ ನೋಡಿ ಬರೆ, ಒಂದು ಅಕ್ಷರ ಹೆಚ್ಚು ಕಡಿಮೆ ಆಗಬಾರದು. ಹೆಸರು ಗೊತ್ತಿದ್ದಾಗ 'ಸರ್ ಆರ್ ಮೇಡಂ' ಅಂತ ಬರೆದರೆ ಅವರ ಪತ್ರವನ್ನು ನೀನು ಓದೇ ಇಲ್ಲ ಅಂದಂತೆ. ಇಂಗ್ಲಿಷಿನಲ್ಲಾದರೆ ಮೊದಲ ಉತ್ತರಕ್ಕೆ 'ಡಿಯರ್ ಮಿಸ್' ಅಂತ ಸೇರಿಸಿ ಹೆಸರು ಹಾಕು. ಅಡ್ಡಹೆಸರು ಯಾವುದು ಅಂತ ತಿಳಿಯದಿದ್ದರೆ, ನಮ್ಮ ಕಡೆಯ ಹೆಸರುಗಳಲ್ಲಿ ತಿಳಿಯುವುದೂ ಇಲ್ಲ ಬಿಡು, ಪೂರ್ತಿ ಹೆಸರು ಬರೆ. ಗಂಡೋ ಹೆಣ್ಣೋ ಗೊತ್ತಾಗದಿದ್ದರೂ 'ಡಿಯರ್' ಜೊತೆಗೆ ಪೂರ್ತಿ ಹೆಸರೇ ಸಾಕು. ಅವರು ಬರೀ ಹೆಸರಿನಿಂದ ಸಹಿ ಮಾಡಿದ್ದಾರೆ ಅಂದರೆ ಹಾಗೇ ಕರೆಯಬಹುದು ಅಂತ ಅರ್ಥ. ಎರಡನೇ ಪತ್ರದಿಂದ ಬೇಕಾದರೆ ಹಾಗೆ ಕರೆ, ನಾಲಿಗೆ ಹೊರಳದಿದ್ದರೆ ಬಿಡು, ಯಾರೂ ಬೈಯುವುದಿಲ್ಲ. ಕನ್ನಡದಲ್ಲಿ ಬರೆಯುವುದಾದರೆ ಹೆಸರಿನ ಮುಂದೆ 'ಅವರೇ' ಅಥವಾ 'ಅವರಿಗೆ, ನಮಸ್ಕಾರ'. ಇಂಗ್ಲಿಷಿನವರಿಗೆ ಇಲ್ಲದ ಸೌಕರ್ಯ ಅದು.

ಆಮೇಲೆ ನೇರವಾಗಿ ವಿಷಯ. ಯಾವ ದಿನ, ಎಷ್ಟು ಗಂಟೆ, ಯಾವ ಫೋನ್ ನಂಬರು. ಕೊನೆಗೆ ಒಂದು ಥ್ಯಾಂಕ್ಸ್. ಅದರ ಕೆಳಗೆ ನಿನ್ನ ಪೂರ್ತಿ ಹೆಸರು.

"ಬೆಗ್ ತಗೀಲೇನು?" ಅಂದ.

"ಮೊದಲು ಅದನ್ನs ತಗಿ" ಅಂದೆ.

ಐದು ಸಾಲಿನ ಮಿಂಚೆ ಬರೆದು ನನಗೆ ತೋರಿಸಿದ. ಅವರ ಹೆಸರು ಸರಿಯಾಗಿತ್ತು. ಆದರೆ ಕೊನೆಯಲ್ಲಿ ತನ್ನ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಬರೆದಿದ್ದ, ಊರಲ್ಲಿ ಗೆಳೆಯರು ಕರೆಯುವ ಹಾಗೆ. ಯಾಕೋ ಅಂದರೆ "ಪೂರ್ತಿ ಬರದ್ರ ಹಳ್ಳಿ ಹೆಸರು ಅಂತ ಗೊತ್ತಾಗ್ತದ ಮಾಮಾ" ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಆ ಮುದುಕನ ಕಥೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಕಳಿಸುವ ಮುಂಚೆ ಹೆಸರು ಪೂರ್ತಿ ಮಾಡಿದ ಅಂತ ಆಮೇಲೆ ಗೊತ್ತಾಯಿತು. ಸಂದರ್ಶನ ಆಗಿದೆ, ಫಲಿತಾಂಶ ಇನ್ನೂ ಬಂದಿಲ್ಲ. ಸಂದರ್ಶನದ ಹಿಂದಿನ ದಿನ ಅವರಿಂದ ಬಂದ ಉತ್ತರದಲ್ಲಿ ಇವನ ಹೆಸರು ಪೂರ್ತಿ, ಒಂದು ತಪ್ಪೂ ಇಲ್ಲದೆ ಇತ್ತಂತೆ. ಅದನ್ನು ತಂಗಿಗೆ ತೋರಿಸಿದನಂತೆ.

ಮುಂದಿನ ಸಲ ಊರಿಗೆ ಹೋದಾಗ ಅವನನ್ನು ಮಸ್ಕಿಯ ಬಂಡೆಯ ಹತ್ತಿರ ಕರೆದುಕೊಂಡು ಹೋಗಬೇಕು ಅಂದುಕೊಂಡಿದ್ದೇನೆ. ಪಕ್ಕದ ಊರಿನವನಾದರೂ ಇನ್ನೂ ನೋಡಿಲ್ಲವಂತೆ.

ನಿಮ್ಮ ಕಡೆ ಅರ್ಜಿ, ಕಾಗದಗಳಿಗೆ ಏನಂತ ಬರೆಯುತ್ತಿದ್ದರು? ಮಂಗಳೂರು, ಕಾಸರಗೋಡು, ಮೈಸೂರು ಕಡೆಯವರ ಒಕ್ಕಣೆ ಬೇರೆಯೇ ಇರಬೇಕು. ಹಳೆಯ ಟ್ರಂಕಿನಲ್ಲಿ ಅಜ್ಜನ ಅರ್ಜಿಯ ನಕಲು ಏನಾದರೂ ಇದ್ದರೆ ತೆಗೆದು ನೋಡಿ, ಹೇಗಿದೆ ಅಂತ ಬರೆಯಿರಿ. 'ಮಾನ್ಯರೇ' ಅಂತ ಶುರು ಮಾಡಬೇಕಿಲ್ಲ, ಹೆಸರು ಹಿಡಿದೇ ಕರೆಯಿರಿ.